ಹಿತ್ತಲಿನ ಕಲ್ಲು ಮತ್ತು ಗಾರ್ಡ್ ಮಾಮನ ನಿದ್ದೆ

ನಮ್ಮ ಹಿತ್ತಲಿನ ಕಲ್ಲನ್ನು ಅಲ್ಲಾಡಿಸಬೇಕಾದರೆ ಅದಕ್ಕೆ ಬಲ ತೋರಿಸಬಾರದು. ಬಲ ಇದ್ದವರು ಬಂದು ಹೆಗಲು ಕೊಟ್ಟು, ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು ನೂಕುತ್ತಾರೆ. ಕಲ್ಲು ಕೂದಲೆಳೆಯಷ್ಟು ಬಾಗಿ, ಅವರು ಸುಸ್ತಾಗಿ ಬಿಡುವವರೆಗೂ ಕಿವಿ ಕೇಳದವರ ಹಾಗೆ ಅಲ್ಲೇ ಕೂತಿರುತ್ತದೆ. "ಇದೇನಮ್ಮಾ, ಕಲ್ಲೋ ಸರ್ಕಾರಿ ಕಚೇರಿಯೋ?" ಎಂದು ಹಾಲಿನವನು ಒಮ್ಮೆ ಬೆವರು ಒರೆಸಿಕೊಳ್ಳುತ್ತ ಕೇಳಿದ್ದ. ಅದೇ ಒಂದು ಬೆರಳಿಟ್ಟು ಮೆಲ್ಲಗೆ ಒತ್ತಿ, ಬಿಟ್ಟು, ಅದು ತಾನಾಗಿ ಹಿಂದಕ್ಕೆ ಬರುವವರೆಗೆ ಕಾದು, ಮತ್ತೆ ಒತ್ತಿದರೆ ಸಾಕು. ಕೋಣೆಯಷ್ಟು ದೊಡ್ಡ ಬಂಡೆ "ಹೂಂ, ಆಗಲಿ" ಎಂದು ತಲೆದೂಗತೊಡಗುತ್ತದೆ.

ಅದನ್ನು ಯಾರೂ ತಂದಿಟ್ಟದ್ದಲ್ಲ. ಕೆಳಗೊಂದು ಚಪ್ಪಟೆ ಹಾಸುಬಂಡೆ, ಅದರ ಮೇಲೆ ಈ ದಪ್ಪ ಹೊಟ್ಟೆಯ ಬಂಡೆ. ಮನೆ, ಬೀದಿ, ಬೀದಿಯ ಕೊನೆಯ ನೂಲಿನ ಗಿರಣಿ ಎಲ್ಲವೂ ಅದಾದ ಮೇಲೆ ಬಂದವು. ನೋಡುವುದಕ್ಕೆ ಬಂದವರು ಬೆರಳಿಟ್ಟು ನಕ್ಕು ಹೋಗುತ್ತಿದ್ದರು, ಅಷ್ಟೆ. ಅದನ್ನು ಕೆಲಸಕ್ಕೆ ಹಚ್ಚಿದವಳು ನನ್ನ ದೊಡ್ಡಮ್ಮ.

ಗಿರಣಿಗೆ ಹೋಗುವ ತಾಯಂದಿರು ಬೆಳಿಗ್ಗೆ ತಮ್ಮ ಕೂಸುಗಳನ್ನು ದೊಡ್ಡಮ್ಮನ ಹತ್ತಿರ ಬಿಟ್ಟು ಹೋಗಿ ಸಂಜೆ ಬಂದು ಎತ್ತಿಕೊಳ್ಳುತ್ತಾರೆ. ಹಿಂದಿನ ಜಗಲಿಯಲ್ಲಿ ಸಾಲಾಗಿ ಐದು ತೊಟ್ಟಿಲು. ಐದಕ್ಕೂ ಸೇರಿ ಒಂದೇ ಹಗ್ಗ. ಆ ಹಗ್ಗ ಕಾಂಪೌಂಡ್ ಗೋಡೆಯ ಕಂಬಕ್ಕೆ ಸಿಕ್ಕಿಸಿದ ಹಳೆಯ ಬಾವಿಯ ರಾಟೆಯ ಮೇಲೆ ಹಾದು, ಕಲ್ಲಿನ ಹೆಗಲ ಮೇಲಿರುವ ಮೂಗಿನಂಥ ಉಬ್ಬಿಗೆ ಹೋಗಿ ಸೇರುತ್ತದೆ. ನಾನು ಕಲ್ಲಿನ ಪಕ್ಕ ಕೂತು ಬೆರಳಿನಿಂದ ಒತ್ತುತ್ತೇನೆ. ಕಲ್ಲು ಹಗ್ಗವನ್ನು ಎಳೆಯುತ್ತದೆ, ಬಿಡುತ್ತದೆ. ಐದು ತೊಟ್ಟಿಲೂ ಒಟ್ಟಿಗೆ ಆ ಕಡೆ, ಈ ಕಡೆ. ರಾಟೆ ಕಿರ್ರ್... ಟಕ್, ಕಿರ್ರ್... ಟಕ್ ಎನ್ನುತ್ತದೆ. ಇನ್ನೊಂದು ಕೈಯಲ್ಲಿ ನಾನು ಸೊಪ್ಪು ಬಿಡಿಸುತ್ತೇನೆ.

ಈ ಕೆಲಸ ನನಗೆ ಹೇಳಿ ಮಾಡಿಸಿದ್ದು. ಹೊರಗಿನವರ ಮುಂದೆ ನನ್ನ ಮಾತು ಗಂಟಲಿನಲ್ಲೇ ಕೂತುಬಿಡುತ್ತದೆ. ಶಾಲೆಯನ್ನು ಬೇಗ ಬಿಟ್ಟದ್ದೂ ಹೆಚ್ಚುಕಡಿಮೆ ಅದಕ್ಕೇ. ಕೂಸುಗಳಿಗೆ ಮಾತು ಬೇಕಿಲ್ಲ. ಕಲ್ಲಿಗಂತೂ ಮೊದಲೇ ಬೇಕಿಲ್ಲ.

ಕೂಸುಗಳಿಗೆ ಹೆಸರಿಟ್ಟದ್ದು ನಾನೇ, ಮನಸ್ಸಿನಲ್ಲಿ. ಪಕ್ಕದ ಮನೆಯ ಪಾತ್ರೆಯೂ ನಡುಗುವ ಹಾಗೆ ಅಳುವವಳು ಸೈರನ್. ಪಕ್ಕದ ತೊಟ್ಟಿಲಿಗೂ ಒದ್ದು ಅಲ್ಲಿನ ಕೂಸನ್ನು ಎಬ್ಬಿಸುವವನು ಪೈಲ್ವಾನ. ಯಾರು ಎತ್ತಿಕೊಂಡರೂ ಮುಖ ಸಿಂಡರಿಸುವವಳು ದೊರೆಸಾನಿ. ಉಳಿದ ಇಬ್ಬರು ಬಡಪಾಯಿಗಳು, ಸೈರನ್ ಶುರುಮಾಡಿದರೆ ಹಿಂದಿನಿಂದ ದನಿಗೂಡಿಸುತ್ತಾರೆ.

ಇನ್ನು ಗಾರ್ಡ್ ಮಾಮ. ನಮಗೆ ಸಂಬಂಧವೇನೂ ಇಲ್ಲ, ಪಕ್ಕದ ಮನೆಯವರು. ಜೀವಮಾನವೆಲ್ಲ ರೈಲಿನ ಕೊನೆಯ ಡಬ್ಬಿಯಲ್ಲಿ ಬಾವುಟ ಹಿಡಿದು ಓಡಾಡಿ, ನಿವೃತ್ತಿಯಾಗಿ, ನಮ್ಮ ಹಿತ್ತಲಿಗೆ ಬೆನ್ನು ಹಚ್ಚಿ ಮನೆ ಕಟ್ಟಿಸಿಕೊಂಡರು. ಬಂದ ಮೊದಲ ದಿನವೇ ಗೋಡೆಯ ಮೇಲಿಂದ ಇಣುಕಿ, ಸೂರಿಗೆ ಬೆಂಕಿ ಬಿದ್ದಿದೆ ಎನ್ನುವ ಧಾಟಿಯಲ್ಲಿ ಕೂಗಿದರು:

"ಏನಮ್ಮಾ, ನಿಮ್ಮ ಕಲ್ಲು ಅಲ್ಲಾಡ್ತಿದೆ!"

"ಹೌದು, ಅದರ ಕೆಲಸವೇ ಅದು," ಎಂದಳು ದೊಡ್ಡಮ್ಮ, ಪೈಲ್ವಾನನ ಮೂಗು ಒರೆಸುತ್ತ.

"ನನ್ನ ಮನೆ ಮೇಲೆ ಬಿದ್ರೆ?"

"ಬಿದ್ದಾಗ ನೋಡೋಣ ಬಿಡಿ."

ಆ ಕೊನೆಯ ಮಾತನ್ನು ದೊಡ್ಡಮ್ಮ ಆಡಬಾರದಿತ್ತು. ಮಾರನೆಯ ದಿನದಿಂದ ಮಾಮ ಕಾವಲಿಗೆ ಕೂತರು. ನಮ್ಮ ರಾಟೆ ಇರುವ ಕಂಬದ ಆಚೆಬದಿಗೇ ಆರಾಮಕುರ್ಚಿ ಹಾಕಿಕೊಂಡು, ಕೊರಳಲ್ಲಿ ರೈಲ್ವೆ ಸೀಟಿ ತೂಗಿಹಾಕಿಕೊಂಡು, ತೊಡೆಯ ಮೇಲೆ ಕೆಂಪು ಬಾವುಟ ಇಟ್ಟುಕೊಂಡು. ಕಲ್ಲು ತುಸು ಜೋರಾಗಿ ತೂಗಿದರೆ ಸೀಟಿ ಊದಿ ಗೋಡೆಯ ಮೇಲೆ ಕೆಂಪು ಬಾವುಟ ಎತ್ತುತ್ತಿದ್ದರು. "ಕಣ್ಣಿಟ್ಟಿದ್ದೀನಿ! ಒಂದು ದಿನ ಕಂಪ್ಲೇಂಟ್ ಕೊಡದಿದ್ರೆ ಕೇಳಿ!"

ಆದರೆ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ಗೋಡೆಯಾಚೆ ಕಾಣುತ್ತದೆ. ಅಲ್ಲಿಂದ ನಾನು ಬೇರೆಯದನ್ನೇ ನೋಡುತ್ತಿದ್ದೆ. ಮಧ್ಯಾಹ್ನ ತೊಟ್ಟಿಲು ಶುರುವಾಗಿ ರಾಟೆ ಕಿರ್ರ್... ಟಕ್ ಎನ್ನತೊಡಗಿದರೆ, ಮಾಮನ ಕೈಯ ಪೇಪರ್ ಮೆಲ್ಲಗೆ ಜಾರುತ್ತಿತ್ತು. ಕತ್ತು ಒಂದು ಕಡೆ ವಾಲುತ್ತಿತ್ತು. ಸೀಟಿ ಬಾಯಲ್ಲೇ ಇದ್ದರೆ ಉಸಿರುಸಿರಿಗೂ ಸಣ್ಣಗೆ 'ಪೀಂ... ಪೀಂ' ಎನ್ನುತ್ತಿತ್ತು. ಕೂಸುಗಳಿಗಿಂತ ಮೊದಲು ಮಲಗುತ್ತಿದ್ದವರು ಅವರು. ನಾನು ಬೆರಳು ತೆಗೆದು ರಾಟೆ ನಿಂತಿತೆಂದರೆ, ಬೆಚ್ಚಿ ಎದ್ದು "ಕಣ್ಣಿಟ್ಟಿದ್ದೀನಿ!" ಎನ್ನುತ್ತಿದ್ದರು. ಕೆಲವು ದಿನ ಅದನ್ನು ಕೇಳುವುದಕ್ಕೆಂದೇ ನಾನು ಬೆರಳು ತೆಗೆದದ್ದುಂಟು. ದೊಡ್ಡಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಅದನ್ನು ಬೀದಿಯ ಕೊನೆಯವರೆಗೂ ಮುಟ್ಟಿಸುತ್ತಿದ್ದಳು, ಆಮೇಲೆ ನನಗೆ ನೋಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಮಾಮ ಕೊನೆಗೂ ಕಂಪ್ಲೇಂಟ್ ಕೊಟ್ಟೇಬಿಟ್ಟರು. ಪುರಸಭೆಯ ಆಳು ಬಂದು ಬಾಗಿಲಲ್ಲೇ ನಿಂತು ಹೇಳಿಹೋದ: ನಾಳೆ ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಬರುತ್ತಾರೆ, ಕಲ್ಲು ಅಲ್ಲಾಡುವುದು ನಿಜವಾದರೆ ಬುಡಕ್ಕೆ ಸಿಮೆಂಟ್ ಸುರಿದು ಗಟ್ಟಿ ಮಾಡಿಸುತ್ತಾರೆ.

ದೊಡ್ಡಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು. "ಇಬ್ಬರ ಕೈಯಲ್ಲಿ ಐದು ತೊಟ್ಟಿಲು ತೂಗೋಕಾಗುತ್ತೇನೇ? ಎರಡು ಕೂಸು ಇಟ್ಕೊಬಹುದು, ಅಷ್ಟೆ. ಉಳಿದವರಿಗೆ ಏನಂತ ಹೇಳ್ಲಿ? ಗಿರಣಿ ಬಿಟ್ಟು ಮನೇಲಿ ಕೂತ್ಕೊಳ್ಳಿ ಅನ್ಲಾ?" ಆಮೇಲೆ ನನ್ನ ಕಡೆ ನೋಡಿದಳು. "ಎರಡು ಕೂಸಿನಲ್ಲಿ ನಮ್ಮಿಬ್ಬರ ಹೊಟ್ಟೆ ತುಂಬಲ್ಲ ಕಣೇ. ನಿನ್ನನ್ನೂ ಗಿರಣಿಗೆ ಕಳಿಸಬೇಕಾಗುತ್ತೆ."

ಗಿರಣಿಯಲ್ಲಿ ಯಂತ್ರದ ಸದ್ದಿಗೆ ಮಾತೆಲ್ಲ ಕೂಗಿಯೇ ಆಡಬೇಕಂತೆ. ನನಗೆ ಆ ರಾತ್ರಿಯ ಊಟ ಸೇರಲಿಲ್ಲ.

ದೊಡ್ಡಮ್ಮ ಕುಗ್ಗಿದರೂ ಬೇಗ ಹಿಗ್ಗುವವಳು. ಬೆಳಗಾಗುವಷ್ಟರಲ್ಲಿ ಉಪಾಯ ಸಿದ್ಧವಾಗಿತ್ತು. ನಮ್ಮ ಅಡುಗೆಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅದರ ಕೆಳಗೆ ಒಂದು ಮರದ ಬೆಣೆ ಕೊಟ್ಟಿರುತ್ತೇವೆ. ಅದನ್ನು ಕಿತ್ತು ತಂದು, "ನಿನಗೆ ಗೊತ್ತಲ್ಲ, ಕಲ್ಲಿನ ಬುಡದಲ್ಲಿ ಎಲ್ಲಿ ಸಂದು ಅಂತ. ಅಲ್ಲಿಗೆ ಬಡಿ," ಎಂದಳು. ನಾನು ಗೋಡೆಯ ಬದಿಯ ಸಂದಿಗೆ ಬೆಣೆ ಇಟ್ಟು ಸುತ್ತಿಗೆಯಿಂದ ಬಡಿದೆ. ಕಲ್ಲು ಎದುರು ಬದಿಗೆ ತುಸು ವಾಲಿ ನಿಂತುಬಿಟ್ಟಿತು. ಬೆರಳಿಟ್ಟೆ. ಸತ್ತ ಹಾಗಿತ್ತು.

"ಇಂಜಿನಿಯರ್ ಹೋಗೋವರೆಗೆ ತಾನೇ," ಎಂದಳು ದೊಡ್ಡಮ್ಮ. "ಆಮೇಲೆ ಕಿತ್ತರಾಯ್ತು."

ಉಪಾಯದಲ್ಲಿ ಎರಡು ಹುಳುಕಿತ್ತು. ಒಂದು, ಬೆಳಿಗ್ಗೆ ಬರುವವರು ಬೆಳಿಗ್ಗೆಯೇ ಬರುತ್ತಾರೆಂದು ನಂಬಿದ್ದು. ಇನ್ನೊಂದು, ಬೆಣೆಯಿಲ್ಲದ ಅಡುಗೆಮನೆಯ ಬಾಗಿಲು.

ಬಾಗಿಲು ಧಡಾರ್ ಎಂದಿತು. ಸೈರನ್ ಎದ್ದಳು. ಎತ್ತಿ ಸಮಾಧಾನ ಮಾಡುವಷ್ಟರಲ್ಲಿ ಮತ್ತೆ ಧಡಾರ್, ಪೈಲ್ವಾನ ಎದ್ದ. ದೊಡ್ಡಮ್ಮ ಬಾಗಿಲಿಗೆ ಬಕೆಟ್ ಅಡ್ಡ ಇಟ್ಟಳು. ಬಾಗಿಲು ಬಕೆಟ್ಟನ್ನು ನೂಕಿತು, ಬಕೆಟ್ ಉರುಳಿತು, ಢಣಢಣ ಎಂದು ಜಗಲಿಯ ತನಕ ಬಂತು. ಐವರೂ ಎದ್ದರು. ತೊಟ್ಟಿಲುಗಳು ಸುಮ್ಮನೆ ನಿಂತಿದ್ದವು. ಕೈಯಿಂದ ಒಂದನ್ನು ತೂಗಿದರೆ ಇನ್ನೊಂದು ಬಾಯಿ ತೆರೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮನ ತುರುಬು ಕಿವಿಯ ಹತ್ತಿರ ಬಂದಿತ್ತು, ನನ್ನ ಸೊಂಟದ ಮೇಲೆ ದೊರೆಸಾನಿ, ಹೆಗಲ ಮೇಲೆ ಸೈರನ್ ಇದ್ದರು.

ಆ ನಡುವೆಯೂ ನಾನು ಬಟ್ಟೆ ಒಗೆಯುವ ಕಲ್ಲು ಹತ್ತಿ ಒಮ್ಮೆ ನೋಡಿದೆ. ಮಾಮ ಕುರ್ಚಿಯಲ್ಲಿ ಕಾಲು ಚಾಚಿದರು, ಮಡಚಿದರು. ಪೇಪರ್ ಮುಖದ ಮೇಲೆ ಹಾಕಿಕೊಂಡರು, ಕಿತ್ತೆಸೆದರು. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ರಾಟೆಯನ್ನೊಮ್ಮೆ ಕೆಕ್ಕರಿಸಿ ನೋಡಿದರು, ಏಕೆ ನೋಡಿದೆನೆಂದು ತಮಗೇ ತಿಳಿಯದ ಹಾಗೆ. ಅಷ್ಟು ಗಲಾಟೆಯ ನಡುವೆಯೂ ನನಗೆ ಒಳಗೊಳಗೇ ನಗು ಬಂತು.

ಇಂಜಿನಿಯರ್ ಬಂದದ್ದು ಆಗ. ಕೈಯಲ್ಲಿ ಟೇಪು, ಸೀಮೆಸುಣ್ಣ. ಇಸ್ತ್ರಿ ಮಾಡಿದ ಅಂಗಿ, ಆದರೆ ಎಡ ಹೆಗಲ ಮೇಲೆ ಹಾಲು ಕಕ್ಕಿ ಒಣಗಿದ ಕಲೆ. ಮನೆಯಲ್ಲಿ ಚಿಕ್ಕ ಕೂಸಿದೆ ಎಂದುಕೊಂಡೆ.

"ಇದೇನಾ ಕಲ್ಲು?"

"ಇದೇ ಸಾರ್," ಎಂದಳು ದೊಡ್ಡಮ್ಮ, ತುರುಬು ಸರಿಮಾಡಿಕೊಂಡು. "ಬಹಳ ಸಂಭಾವಿತ ಕಲ್ಲು. ಕೂತ ಜಾಗ ಬಿಟ್ಟು ಎದ್ದಿದ್ದೇ ಇಲ್ಲ."

ನಾನು ಹೋಗಿ ಬೆಣೆ ಕಾಣದ ಹಾಗೆ ಲಂಗ ಹರಡಿಕೊಂಡು ಗೋಡೆಯ ಬದಿಗೆ ನಿಂತೆ. ಇಂಜಿನಿಯರ್ ಎದುರು ಬದಿಯಿಂದ ಕೈಯಿಟ್ಟು ಒತ್ತಿದರು. ಬೆರಳಿನಿಂದ, ಅಂಗೈಯಿಂದ, ಕೊನೆಗೆ ಹೆಗಲಿನಿಂದ. ಅವರು ಒತ್ತಿದಷ್ಟೂ ಬೆಣೆ ಕಚ್ಚಿಕೊಳ್ಳುತ್ತಿತ್ತು.

"ಈ ಹಗ್ಗ ಯಾಕೆ ಕಟ್ಟಿದ್ದೀರಿ?"

"ಬಟ್ಟೆ ಒಣಹಾಕೋಕೆ."

"ತೊಟ್ಟಿಲಿಗೂ ಸೇರಿಸಿ?"

"ಕೂಸಿನ ಬಟ್ಟೆ ಸಾರ್," ಎಂದಳು ದೊಡ್ಡಮ್ಮ, ಕಣ್ಣು ಮಿಟುಕಿಸದೆ.

ಧಡಾರ್. ಐದು ಬಾಯಿಗಳು ಒಮ್ಮೆಗೇ ತೆರೆದುಕೊಂಡವು. ಇಂಜಿನಿಯರ್ ಇನ್ನೇನೋ ಕೇಳಿದರು, ಕೇಳಿಸಲಿಲ್ಲ. ದೊಡ್ಡಮ್ಮ ಇನ್ನೇನೋ ಹೇಳಿದಳು, ಅದೂ ಕೇಳಿಸಲಿಲ್ಲ. ಅವರ ಹೆಗಲ ಮೇಲಿನ ಕಲೆಯನ್ನೇ ನೋಡುತ್ತಿದ್ದ ನಾನು ಕೈ ಚಾಚಿ ದೊರೆಸಾನಿಯನ್ನು ಅವರ ಕಡೆ ನೀಡಿದೆ. ಅವರು ಯೋಚಿಸಲೇ ಇಲ್ಲ. ಟೇಪನ್ನು ಬಾಯಲ್ಲಿ ಕಚ್ಚಿಕೊಂಡು, ಕೂಸನ್ನು ಆ ಕಲೆಯ ಮೇಲೇ ಒರಗಿಸಿಕೊಂಡು, ಕಾಲಿನಿಂದ ಕಾಲಿಗೆ ವಾಲುತ್ತ ಬೆನ್ನು ತಟ್ಟತೊಡಗಿದರು. ದೊರೆಸಾನಿ ಮುಖ ಸಿಂಡರಿಸಿದಳು, ಆದರೆ ಬಾಯಿ ಮುಚ್ಚಿದಳು.

"ಕಲ್ಲು ಅಲ್ಲಾಡ್ತಿಲ್ಲ," ಎಂದರು ಟೇಪು ತೆಗೆದು. "ಸರಿ, ಹಾಗಂತಲೇ—"

"ನಿಲ್ಸಿ!"

ಗಾರ್ಡ್ ಮಾಮ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕಿಲ್ಲ. ಕಣ್ಣು ಕೆಂಡ. ಕೈಯಲ್ಲಿ ಕೆಂಪು ಬಾವುಟ. "ಅಲ್ಲಾಡಲ್ವಾ? ಯಾರ್ರೀ ಹೇಳಿದ್ದು? ಒಂದು ಬೆರಳು ಇಟ್ರೆ ಉಯ್ಯಾಲೆ ಥರ ತೂಗುತ್ತೆ! ನೋಡಿ!" ಬೆರಳಿಟ್ಟರು. ಏನೂ ಆಗಲಿಲ್ಲ. ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಟ್ಟರು. ಏನೂ ಆಗಲಿಲ್ಲ.

"ಅಯ್ಯೋ ಪಾಪ," ಎಂದಳು ದೊಡ್ಡಮ್ಮ. "ವಯಸ್ಸಾಯ್ತು ನೋಡಿ. ನಿಂತ ಕಲ್ಲೂ ಓಡೋ ಹಾಗೆ ಕಾಣುತ್ತೆ."

"ಏನೋ ಮಾಡಿದ್ದೀರಿ ನೀವು! ನಾಳೆ ನೋಡಿ ಸಾರ್, ನೀವು ಹೋದ್ಮೇಲೆ ಮತ್ತೆ ಶುರುವಾಗುತ್ತೆ. ನಾನು ಬಿಡಲ್ಲ. ದಿನಾ ಕಂಪ್ಲೇಂಟ್ ಕೊಡ್ತೀನಿ. ಏಯ್ ಹುಡುಗಿ, ಅಲ್ಲೇನು ಕಂಬದ ಹಾಗೆ ನಿಂತಿದ್ದೀಯಾ? ಸರಿ ಪಕ್ಕಕ್ಕೆ!"

ಎಲ್ಲರೂ ನನ್ನ ಕಡೆ ತಿರುಗಿದರು. ಸರಿದರೆ ಬೆಣೆ ಕಾಣುತ್ತದೆ, ಸಿಮೆಂಟ್ ಬೀಳುತ್ತದೆ. ಸರಿಯದಿದ್ದರೂ ಎಷ್ಟು ದಿನ? ಗೋಡೆಯಾಚೆ ಮಾಮ ಇರುವವರೆಗೆ ಕಲ್ಲನ್ನು ಕದ್ದುಮುಚ್ಚಿ ಆಡಿಸುವುದಕ್ಕಾಗುವುದಿಲ್ಲ. ದೊಡ್ಡಮ್ಮನ ಉಪಾಯ ಅಲ್ಲಿಗೆ ಮುಗಿದಿತ್ತು. ಇನ್ನು ಉಳಿದದ್ದು ನನ್ನ ಹತ್ತಿರ ಇದ್ದದ್ದು, ಇಷ್ಟು ದಿನ ಒಬ್ಬಳೇ ನೋಡಿ ಒಬ್ಬಳೇ ನಕ್ಕಿದ್ದು. ಗಿರಣಿಯ ಸದ್ದನ್ನು ನೆನೆಸಿಕೊಂಡೆ. ಅಲ್ಲಿ ಕೂಗುವುದಕ್ಕಿಂತ ಇಲ್ಲಿ ಒಂದು ಮಾತಾಡುವುದು ಮೇಲು.

ಮೊದಲು ಸೈರನ್ನನ್ನು ಮಾಮನ ಕೈಗೆ ಕೊಟ್ಟೆ. ಆಮೇಲೆ ಹೇಳಿದೆ. ದನಿ ಸಣ್ಣಗಿತ್ತು, ಆದರೆ ಬಂತು.

"ಮಾಮ, ನಿಮಗೆ ದಿನಾ ಈ ಹೊತ್ತಿಗೆ ಒಳ್ಳೆ ನಿದ್ದೆ ಬರುತ್ತಲ್ಲ. ಇವತ್ತು ಯಾಕೆ ಬರ್ಲಿಲ್ಲ?"

"ನಿದ್ದೆ? ನನಗೆ? ನಾನು ಕಾವಲು—"

"ಸೀಟಿ ಬಾಯಲ್ಲಿ ಇದ್ರೆ ಪೀಂ ಪೀಂ ಅನ್ನುತ್ತೆ."

ಗೋಡೆಯಾಚೆಯಿಂದ ಕಿಸಕ್ಕೆಂದು ನಗು ಕೇಳಿತು. ಮಾಮನ ಹೆಂಡತಿ, ನಾವು ಅತ್ತೆ ಎನ್ನುವವರು, ಮಾಮನದೇ ಕುರ್ಚಿಯ ಮೇಲೆ ಹತ್ತಿ ಈ ಕಡೆ ನೋಡುತ್ತಿದ್ದರು. "ನಿಜ ಕಣೇ ಮಗೂ! ರಾತ್ರಿಯೆಲ್ಲ ಹಾಸಿಗೆ ಮೇಲೆ ಮೀನಿನ ಥರ ಒದ್ದಾಡ್ತಾರೆ, ಮಧ್ಯಾಹ್ನ ಆ ಗೋಡೆ ಹತ್ರ ಕೂತ್ರೆ ಸಾಕು, ಗೊರಕೆ! ಏನಿದೆ ಅಲ್ಲಿ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ."

"ಒಳಗೆ ಹೋಗೇ ನೀನು!"

"ನಾನ್ಯಾಕ್ರೀ ಹೋಗ್ಲಿ? ಮದುವೆ ಆದಾಗಿಂದ ನೋಡಿದ್ದೀನಿ. ರಜಾ ಅಂತ ಮನೇಲಿದ್ದ ದಿನ ರೆಪ್ಪೆಗೆ ರೆಪ್ಪೆ ಅಂಟ್ತಿರಲಿಲ್ಲ. ಡ್ಯೂಟಿ ಮುಗಿಸಿ ಬಂದ ದಿನ ಮಾತ್ರ ಮುಖ ಅರಳಿದ ಹೂವು!"

ಇಂಜಿನಿಯರ್ ಬೆನ್ನು ತಟ್ಟುವುದನ್ನು ನಿಲ್ಲಿಸಿದರು. "ಅಂದ್ರೆ, ರೈಲಿನಲ್ಲಿ..."

"ಡ್ಯೂಟಿಯಲ್ಲಿ ನಾನು ಒಂದು ದಿನವೂ ಕಣ್ಣು ಮುಚ್ಚಿದವನಲ್ಲ!" ಮಾಮ ಗುಡುಗಿದರು. ಆ ಗುಡುಗಿಗೆ ಕೈಯಲ್ಲಿದ್ದ ಸೈರನ್ ತನ್ನ ನಿಜವಾದ ದನಿ ತೆಗೆದಳು. ಮಾಮ ತೂಗಿದರು, ತಟ್ಟಿದರು, ಸೀಟಿ ತೋರಿಸಿದರು, ಬಾವುಟ ಆಡಿಸಿದರು. ಅವಳು ಕೆಂಪು ಬಾವುಟ ನೋಡಿ ಇನ್ನೂ ಜೋರು ಮಾಡಿದಳು. ಮಾಮನ ಮುಖ ಅಳುವವರ ಹಾಗಾಯಿತು. ಅವರ ಕಣ್ಣು ಮೆಲ್ಲಗೆ ರಾಟೆಯ ಕಡೆ ಹೋಯಿತು. ಅಲ್ಲೇ ನಿಂತಿತು.

"ಆ... ಕಿರ್ರ್ ಟಕ್ಕಾ?" ಎಂದರು, ಯಾರನ್ನೂ ಕೇಳದೆ.

"ಹೂಂ ಮಾಮ," ಎಂದೆ. "ಕಲ್ಲು ಆಡಿದ್ರೆ ಮಾತ್ರ ಅದು. ನಿಮಗೆ ಬೇಡ ಅಂದ್ರೆ ಹೀಗೇ ನಿಲ್ಲಿಸಿರ್ತೀವಿ. ಸಿಮೆಂಟ್ ಕೂಡ ಬೇಕಿಲ್ಲ."

"ಯಾರೇ ಬೇಡ ಅಂದಿದ್ದು?" ಎಂದುಬಿಟ್ಟರು ಮಾಮ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಆದರೆ ಹೋದ ಮಾತು ಹೋಗಿಯಾಗಿತ್ತು. ಅತ್ತೆ ಗೋಡೆಯ ಮೇಲೆ ಕೈ ಬಡಿದು ನಗುತ್ತಿದ್ದರು.

"ಹಾಗಾದ್ರೆ," ಎಂದರು ಇಂಜಿನಿಯರ್ ಮೆಲ್ಲಗೆ, "ನಿಮ್ಮ ಅಡುಗೆಮನೆ ಬಾಗಿಲಿನ ಬೆಣೆ ವಾಪಸ್ ತಗೊಳ್ಳಿ. ಆ ಬಾಗಿಲಿನ ಸದ್ದು ತಡೆಯೋಕಾಗ್ತಿಲ್ಲ."

ಇಂಜಿನಿಯರ್ ಬಾಗಿಲಿನ ಕಡೆ ಗಲ್ಲ ಎತ್ತಿ ತೋರಿಸಿದರು. ನೆಲದ ಮೇಲೆ ವರ್ಷಗಟ್ಟಲೆ ಬೆಣೆ ಕೂತು ಸವೆದ ಗುರುತು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದನ್ನು ಮುಚ್ಚುವುದು ನಮ್ಮಿಬ್ಬರಿಗೂ ಹೊಳೆದಿರಲೇ ಇಲ್ಲ. ಬಂದಾಗಿನಿಂದ ಅವರು ಅದನ್ನು ನೋಡುತ್ತಲೇ ದೊಡ್ಡಮ್ಮನ ಸುಳ್ಳು ಕೇಳಿದ್ದರು!

ನಾನು ಲಂಗ ಸರಿಸಿದೆ. ಅವರು ಬಗ್ಗಿ ನೋಡಿ ಲೊಚಗುಟ್ಟಿದರು. "ಆಡೋ ಕಲ್ಲಿಗಿಂತ ಇದು ಅಪಾಯ. ಅದರ ಭಾರವೆಲ್ಲ ಒಂದೇ ಅಂಚಿನ ಮೇಲೆ ತಂದಿಟ್ಟಿದ್ದೀರಿ. ಹೇಗೆ ತೆಗೀತೀರಿ?"

"ಈ ಕಡೆಯಿಂದ ಒಂದು ಬೆರಳು," ಎಂದು ಮಾಮನಿಗೆ ಜಾಗ ಬಿಟ್ಟೆ. "ಒತ್ತಿ, ಬಿಡಿ. ಒತ್ತಿ, ಬಿಡಿ."

ಮಾಮ ಒಂದು ಕೈಯಲ್ಲಿ ಸೈರನ್ನನ್ನು ಹಿಡಿದು, ಇನ್ನೊಂದರ ಕಿರುಬೆರಳನ್ನು ಕಲ್ಲಿಗಿಟ್ಟರು. ಕೆನ್ನೆಗೆ ಮುಟ್ಟುವ ಹಾಗೆ. ಒತ್ತಿದರು, ಬಿಟ್ಟರು. ಸಂದು ಕೂದಲೆಳೆಯಷ್ಟು ಹಿಗ್ಗಿದಾಗ ನಾನು ಬೆಣೆ ಎಳೆದುಕೊಂಡೆ. ಕಲ್ಲು ಒಮ್ಮೆ ಮೈಮುರಿದಂತೆ ಹಿಂದಕ್ಕೆ ಬಂದು, ಮುಂದಕ್ಕೆ ಹೋಗಿ, ಹಗ್ಗವನ್ನು ಎಳೆಯಿತು. ಕಿರ್ರ್... ಟಕ್. ತೊಟ್ಟಿಲಲ್ಲಿದ್ದವರು ಸುಮ್ಮನಾದರು. ಮಾಮನ ತೋಳಿನಲ್ಲಿದ್ದವಳು ಒಮ್ಮೆ ಬಿಕ್ಕಿ, ಸೀಟಿಯನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿದಳು. ನಾನು ಮಾಮನನ್ನು ನೋಡಿದೆ. ನಿಂತಲ್ಲೇ ಅವರ ರೆಪ್ಪೆಯೂ ಇಳಿಯುತ್ತಿತ್ತು.

ಇಂಜಿನಿಯರ್ ಕಲ್ಲಿನ ಮೇಲೊಂದು, ಹಾಸುಬಂಡೆಯ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದು ಬಹಳ ಹೊತ್ತು ಕೂತು ನೋಡಿದರು. ಪ್ರತಿ ಸಲವೂ ಎರಡು ಗೆರೆ ಬಂದು ಕೂಡುತ್ತಿದ್ದವು. ಜಗಲಿಯಲ್ಲಿ ಬಿದ್ದಿದ್ದ, ಕೆಡವಿದರೂ ತಾನೇ ಏಳುವ ಗುಂಡುಬುಡದ ಗೊಂಬೆಯನ್ನು ಎತ್ತಿ ಮಾಮನಿಗೆ ತೋರಿಸಿದರು. "ಇದು ಬೀಳುತ್ತಾ? ಈ ಕಲ್ಲೂ ಹಾಗೇ. ಹೊಟ್ಟೆ ಭಾರ, ತಲೆ ಹಗುರ. ಮೇಲೆ ಯಾರನ್ನೂ ಹತ್ತಿಸಬೇಡಿ, ಬೆಣೆ ಮಾತ್ರ ಇನ್ನೊಂದು ಸಲ ಕಂಡ್ರೆ ನಾನೇ ಕಂಪ್ಲೇಂಟ್ ಕೊಡ್ತೀನಿ." ಆಮೇಲೆ ಮಾಮನ ಕಡೆ ಬಾಗಿ, "ನಿಮ್ಮ ಕಂಪ್ಲೇಂಟ್?" ಎಂದರು.

"ಯಾವ ಕಂಪ್ಲೇಂಟ್?" ಎಂದರು ಗಾರ್ಡ್ ಮಾಮ, ಕೂಸು ಏಳಬಾರದೆಂದು ಪಿಸುಗುಟ್ಟುತ್ತ.

ಹೊರಡುವಾಗ ಇಂಜಿನಿಯರ್ ದೊಡ್ಡಮ್ಮನನ್ನು ಬಾಗಿಲ ಹೊರಗೆ ಕರೆದು ಏನೋ ಕೇಳಿದರು. ಜಗಲಿಯಲ್ಲಿ ಇನ್ನೊಂದು ತೊಟ್ಟಿಲಿಗೆ ಜಾಗ ಇದೆಯೇ ಎಂದರಂತೆ. "ಅಷ್ಟು ಸುಳ್ಳು ಹೇಳಿದ್ದಕ್ಕೆ ಇದೇ ಶಿಕ್ಷೆ," ಎಂದು ದೊಡ್ಡಮ್ಮ ಒಳಗೆ ಬಂದು ಗೊಣಗಿದಳು, ಆದರೆ ಆಗಲೇ ಸೂರಿನ ಕೊಕ್ಕೆ ಹುಡುಕುತ್ತಿದ್ದಳು.

ಆ ವಾರವೇ ಮಾಮ ಆರಾಮಕುರ್ಚಿಯನ್ನು ಕೊಟ್ಟು ನೇತುಹಾಕುವ ಕುರ್ಚಿಯೊಂದನ್ನು ತಂದರು. ಹಗ್ಗದ ಒಂದು ಕವಲು ಈಗ ಗೋಡೆ ದಾಟಿ ಅವರ ಸೂರಿಗೂ ಹೋಗಿದೆ. ಗಂಟು ಹಾಕಿದವಳು ನಾನೇ. ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು.

ಮಧ್ಯಾಹ್ನ ಊಟವಾದ ಮೇಲೆ ಗೋಡೆಯ ಮೇಲೆ ಬಾವುಟ ಏಳುತ್ತದೆ. ಈಗ ಹಸಿರು. ನಾನು ಬೆರಳಿಡುತ್ತೇನೆ, ಕೂಸುಗಳ ಜೊತೆ ಮಾಮನೂ ಆ ಕಡೆ, ಈ ಕಡೆ. ಅವರು ಬೆಳಿಗ್ಗೆ ಏನಾದರೂ ರೇಗಿದ್ದರೆ, ಅಥವಾ ನನ್ನನ್ನು "ಏಯ್ ಹುಡುಗಿ" ಎಂದಿದ್ದರೆ, ಮೊದಲು ಆ ಗಂಟು ಎಳೆದುಬಿಟ್ಟು ಆಮೇಲೆ ಕಲ್ಲು ಒತ್ತುತ್ತೇನೆ. ತೊಟ್ಟಿಲು ತೂಗುತ್ತವೆ, ಗೋಡೆಯಾಚೆಯ ಕುರ್ಚಿ ಮಾತ್ರ ಅಲ್ಲಾಡುವುದಿಲ್ಲ. ಹಸಿರು ಬಾವುಟ ಎದ್ದೇ ಇರುತ್ತದೆ. ಒಮ್ಮೆ ಆಡುತ್ತದೆ, ಇನ್ನೊಮ್ಮೆ ಆಡುತ್ತದೆ. ಸಣ್ಣಗೆ ಸೀಟಿ ಕೇಳುತ್ತದೆ. ನಾನು ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಿರುತ್ತೇನೆ. ನಾಚಿಕೆಯ ಹುಡುಗಿ, ತಲೆಯೆತ್ತಿ ನೋಡುವುದೇ ಇಲ್ಲ ಎಂದು ಬೀದಿಯವರೆಲ್ಲ ಹೇಳುತ್ತಾರಲ್ಲ.